ಕೆಂಪು ಗೆರೆಯ ಆಚೆಗಿನ ಕೊಸರು

೧೨ ನವೆಂಬರ್ ೧೯೬೧

ತಮ್ಮ ಅಜ್ಜಪ್ಪ ಬಂದ. ದಾವಣಗೆರೆಯಲ್ಲಿ ರೈಲಿನಿಂದ ಇಳಿಯುವಾಗಲೇ ಕಣ್ಣೆರಡೂ ಹಳದಿ. ಕಾಮಾಲೆ. ಅವ್ವ ಪ್ಲಾಟ್‌ಫಾರಂನಲ್ಲೇ ಅಳಲು ಶುರುಮಾಡಿದಳು. ಅಪ್ಪ ಮಂಡಿಪೇಟೆಯ ಬೆಲ್ಲದ ಅಂಗಡಿಗೆ ಬಾಗಿಲು ಹಾಕಿಸಿ ಬಂದಿದ್ದರು. ನಾನು ಟೈಫಾಯಿಡ್‌ನಲ್ಲಿ ಇಪ್ಪತ್ತೊಂದು ದಿನ ಮಲಗಿದ್ದಾಗ ಆ ಬಾಗಿಲು ಒಂದು ದಿನವೂ ಮುಚ್ಚಿದ್ದು ನನಗೆ ನೆನಪಿಲ್ಲ.

ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದ್ದರಿಂದ ಬರೆದೇ ಬಿಡುತ್ತೇನೆ: ನನಗೆ ನನ್ನ ತಮ್ಮನನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಬಿ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದು, ಮೈಸೂರಿಗೆ ಹೋಗಿ ಮುಂದೆ ಓದುತ್ತೇನೆ ಎಂದಾಗ ಅಪ್ಪ, "ಹರಿಹರದಾಗ ಹೆಣ್ಮಕ್ಕಳ ಸ್ಕೂಲಾಗೆ ಟೀಚರ್ ಕೆಲಸೈತೆ, ಹೋಗಿಬರಾಕೆ ಬಸ್ಸೈತೆ, ಇನ್ನೇನು ಬೇಕವ್ವ ನಿನಗೆ?" ಎಂದರು. ಇಂಟರ್‌ಮೀಡಿಯೆಟ್‌ಗೆ ಎರಡು ಸಲ ಕೂತ ಇವನು ವಿಮಾನ ಹಾರಿಸುತ್ತೇನೆ ಎಂದಾಗ ಎದುರು ಮಾತಿಲ್ಲದೆ ಬೆಂಗಳೂರಿನ ವಿಮಾನ ಶಾಲೆಗೆ ಸೇರಿಸಿ ಬಂದರು. ತಾತನ ಹೆಸರಿಟ್ಟುಕೊಂಡ ಹುಡುಗ ಅಲ್ಲಿ ಗೆಳೆಯರ ಬಾಯಲ್ಲಿ ಎ.ಜೆ. ಆಗಿದ್ದಾನಂತೆ.

ಊಟಕ್ಕೆ ಕೂತಾಗ ಇನ್ನೊಂದು ಸುದ್ದಿ ಬಾಯಿಬಿಟ್ಟ. ಲಿಖಿತ ಪರೀಕ್ಷೆಯಲ್ಲಿ ಫೇಲಾಗಿದ್ದಾನೆ. ಜನವರಿಯಲ್ಲಿ ಇನ್ನೊಂದು ಅವಕಾಶ. ಅದರಲ್ಲೂ ಹೋದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ. ಅವ್ವ "ಶಿವನೇ" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

೧೬ ನವೆಂಬರ್

ಅವ್ವ ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾಳೆ. ಇವನು ಮಂಡಕ್ಕಿ-ಮೆಣಸಿನಕಾಯಿ ಬೇಕೆಂದು ಎಳೆಮಗುವಿನ ಹಾಗೆ ಹಠ ಮಾಡುತ್ತಾನೆ. ಇವತ್ತು ಅವ್ವ ನನ್ನನ್ನು ಅಡಿಗೆಮನೆಗೆ ಕರೆದು, "ನಾಗೀ, ಹೆಂಗೂ ಲೆಕ್ಕ ಕಲ್ತೀಯ. ಅವನಿಗೆ ಒಂದಿಷ್ಟು ಹೇಳಿಕೊಡು. ಹುಡುಗ ಮಲಗಿದಲ್ಲೇ ಒಣಗ್ತಾ ಐತೆ" ಎಂದಳು. ಹೂಂ ಎಂದೆ. ಬೇರೆ ಏನನ್ನಲಿ?

ಪುಸ್ತಕ ಇಂಗ್ಲಿಷಿನದು. ಅವನು ಫೇಲಾಗಿದ್ದು ವೇಗದ ಮಿತಿಯ ಪ್ರಶ್ನೆಗಳಲ್ಲಿ. ವಿಮಾನದ ವೇಗದ ಮೀಟರಿನಲ್ಲಿ ಹಸಿರು ಪಟ್ಟಿ, ಹಳದಿ ಪಟ್ಟಿ, ಕೊನೆಗೆ ಒಂದು ಕೆಂಪು ಗೆರೆ. ಮುಳ್ಳು ಹಸಿರಿನಲ್ಲಿದ್ದರೆ ನಿಶ್ಚಿಂತೆ. ಗಾಳಿ ಶಾಂತವಾಗಿದ್ದಾಗ ಮಾತ್ರ ಹಳದಿ. ಕೆಂಪು ಗೆರೆಯನ್ನು ಯಾವ ಕಾರಣಕ್ಕೂ ದಾಟಬಾರದು.

"ಯಾಕೆ ದಾಟಬಾರದು?" ಎಂದು ಕೇಳಿದೆ.

"ದಾಟಬಾರದು ಅಂತ ಬರೆದೈತಲ್ಲಕ್ಕ."

ಇವನಿಗೆ ವಿಮಾನ. ನನಗೆ ಹರಿಹರದ ಬಸ್ಸು.

೨೩ ನವೆಂಬರ್

ಒಂದು ವಾರದಿಂದ ಆ ಪುಸ್ತಕವನ್ನು ಬಸ್ಸಿನಲ್ಲಿ ಓದುತ್ತಿದ್ದೇನೆ. ಜೊತೆಗೆ ಬರುವ ದಿಲ್ಷಾದ್ ಬೇಗಂ ನಮ್ಮ ಸ್ಕೂಲಿನ ಹಿಂದಿ ಟೀಚರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ. "ಏನಮ್ಮಾ ಇದು, ಕಾದಂಬರಿ ಓದೋ ಹಾಗೆ ಓದ್ತೀಯ?" ಎಂದರು. ನಿಜ, ಕಾದಂಬರಿಯ ಹಾಗೇ ಇದೆ.

ಆ ಮೀಟರಿನ ಮುಳ್ಳಿಗೆ ವೇಗ ಗೊತ್ತೇ ಇಲ್ಲ! ಎದುರಿನ ಗಾಳಿ ಎಷ್ಟು ಜೋರಾಗಿ ತಳ್ಳುತ್ತಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು. ಮೇಲೆ ಹೋದಷ್ಟೂ ಗಾಳಿ ತೆಳು. ಹತ್ತು ಸಾವಿರ ಅಡಿ ಎತ್ತರದಲ್ಲಿ ಮುಳ್ಳು ನೂರು ತೋರಿಸುವಾಗ ವಿಮಾನ ನಿಜವಾಗಿ ನೂರಹದಿನಾರರಲ್ಲಿ ಓಡುತ್ತಿರುತ್ತದೆ. ಆದರೂ ಮುಳ್ಳನ್ನೇ ನಂಬಬೇಕು, ಏಕೆಂದರೆ ರೆಕ್ಕೆ ಮುರಿಯುವುದು ವೇಗದಿಂದಲ್ಲ, ತಳ್ಳುವ ಗಾಳಿಯಿಂದ. ವೇಗ ಎರಡರಷ್ಟಾದರೆ ತಳ್ಳುವಿಕೆ ನಾಲ್ಕರಷ್ಟು.

ಕೊನೆಯ ಅಧ್ಯಾಯ ದೊಡ್ಡ ಜೆಟ್ ವಿಮಾನಗಳದ್ದು. ಅವುಗಳಿಗೆ ಎರಡು ಭಯ. ಕೆಳಗಿರುವಾಗ ಗಾಳಿಯ ಒತ್ತಡದ ಭಯ. ಮೇಲೆ ಮೇಲೆ ಹೋದಂತೆ ಗಾಳಿ ತಣ್ಣಗಾಗಿ ಶಬ್ದದ ವೇಗವೇ ಕಡಿಮೆಯಾಗುತ್ತದೆ; ಅದರ ಹತ್ತಿರ ಹೋದರೆ ವಿಮಾನ ನಡುಗಿ ಹತೋಟಿ ತಪ್ಪುತ್ತದೆ. ಆದ್ದರಿಂದ ಅವುಗಳ ಮಿತಿ ಒಂದೇ ಕಡೆ ನಿಲ್ಲುವುದಿಲ್ಲ. ಪಟ್ಟೆಪಟ್ಟೆಯ ಇನ್ನೊಂದು ಮುಳ್ಳು ತಾನೇ ಸರಿಯುತ್ತಾ, ಇಷ್ಟರೊಳಗಿರು ಎಂದು ತೋರಿಸುತ್ತಿರುತ್ತದೆ. ಇದನ್ನು ಓದಿ ನನಗೆ ಖುಷಿಯಿಂದ ಮೈ ಜುಮ್ಮೆಂದಿತು.

ಇವತ್ತು ಬರುವಾಗ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿ ನೋಡಿದೆ. ಬಸ್ಸು ನಿಧಾನವಿದ್ದಾಗ ಗಾಳಿ ಕೈಯನ್ನು ಸುಮ್ಮನೆ ಸವರಿತು. ಇಳಿಜಾರಿನಲ್ಲಿ ಜೋರಾದಾಗ ಭುಜದ ತನಕ ಹಿಂದಕ್ಕೆ ತಳ್ಳಿತು. ಕಂಡಕ್ಟರ್ ಬೈದ. ಆಪಾ, "ಕೈ ಹೋದ್ರೆ ಬೋರ್ಡ್ ಮೇಲೆ ಯಾವುದರಿಂದ ಬರೀತೀಯ, ಪಾಗಲ್!" ಎಂದರು.

ಅಜ್ಜಪ್ಪನಿಗೆ ಈ ಕೈಯ ಕಥೆ ಹೇಳಿಯೇ ಪಾಠ ಮಾಡಿದೆ. ಹೌದಲ್ಲಕ್ಕ ಎಂದು ಎದ್ದು ಕೂತ. ಮೊದಲ ಸಲ ಅವನ ತಲೆಗೆ ಹೋಯಿತು. ಹೇಳಿಕೊಟ್ಟಿದ್ದೇ ತಪ್ಪಾಯಿತೇನೋ.

೨ ಡಿಸೆಂಬರ್

ಕಣ್ಣಿನ ಹಳದಿ ಇಳಿಯುತ್ತಿದೆ. ಈಗ ಸಂಜೆ ಅಂಗಡಿಯ ತನಕ ನಡೆಯುತ್ತಾನೆ. ನಾನು ಬಸ್ಸಿಳಿದು ಅಲ್ಲಿಂದ ಅವನನ್ನು ಕರೆದುಕೊಂಡು ಬರಬೇಕು, ಅವ್ವನ ಅಪ್ಪಣೆ.

ಅಪ್ಪ ಬೆಲ್ಲ ತೂಗುತ್ತಿದ್ದರು. ತಕ್ಕಡಿ ಸಮಕ್ಕೆ ನಿಂತ ಮೇಲೆ, ಎಂದಿನ ಹಾಗೆ, ಒಂದು ಚೂರು ಬೆಲ್ಲ ಮುರಿದು ಮೇಲಿಟ್ಟರು. ಕೊಸರು. ನಮ್ಮ ಮಂಡಿಪೇಟೆಯಲ್ಲಿ ಕೊಸರಿಲ್ಲದೆ ಗಿರಾಕಿ ಚೀಲ ಎತ್ತುವುದಿಲ್ಲ.

ಅದನ್ನು ತೋರಿಸಿ ಅಜ್ಜಪ್ಪ, "ಅಕ್ಕ, ಕೆಂಪು ಗೆರೆನೂ ಹಿಂಗೇ ಅಲ್ವಾ? ವಿಮಾನ ಮಾಡಿದೋರು ಒಂದಿಷ್ಟು ಕೊಸರು ಇಟ್ಟೇ ಇರ್ತಾರೆ. ನೂರು ಅಂತ ಗೆರೆ ಹಾಕಿದ್ರೆ ನೂರಾ ಒಂದಕ್ಕೆ ರೆಕ್ಕೆ ಬಿದ್ದೋಗುತ್ತಾ?" ಎಂದ.

"ಅದು ಬೆಲ್ಲ ಅಲ್ಲ ಕಣೋ."

"ಅಳತೆ ಅಂದ ಮೇಲೆ ಎಲ್ಲಾ ಕಡೆ ಕೊಸರು ಇರ್ತೈತೆ. ಪುಸ್ತಕದಾಗೆ ಹುಡುಕು, ಸಿಗುತ್ತೆ."

ಹುಡುಕಿದೆ. ಸಿಕ್ಕಿತು. ಪರೀಕ್ಷೆಯ ಹಾರಾಟದಲ್ಲಿ ಮುಟ್ಟಿಸಿದ ವೇಗದ ಹತ್ತರಲ್ಲಿ ಒಂಬತ್ತು ಪಾಲಿಗೆ ಕೆಂಪು ಗೆರೆ ಹಾಕುತ್ತಾರೆ, ಎಂದಿದೆ. ಅದರ ಮುಂದಿನ ವಾಕ್ಯ: ಉಳಿದ ಒಂದು ಪಾಲು ಚಾಲಕನದಲ್ಲ, ಹಠಾತ್ತನೆ ಹೊಡೆಯುವ ಗಾಳಿಗೆ, ಸವೆದ ಕೀಲಿಗೆ, ತಪ್ಪು ತೋರಿಸುವ ಮೀಟರಿಗೆ ಅದು ಮೀಸಲು. ಎರಡು ವಾಕ್ಯವನ್ನೂ ನಾಳೆ ಓದಿ ಹೇಳಬೇಕು.

೧೦ ಡಿಸೆಂಬರ್

ನಾಳೆ ನಾಳೆ ಎಂದು ವಾರ ಹೋಯಿತು. ಇವತ್ತು ನನ್ನನ್ನು ನೋಡಲು ರಾಣೆಬೆನ್ನೂರಿನವರು ಬಂದಿದ್ದರು. ಹುಡುಗ, ಅವನ ತಂದೆತಾಯಿ, ಒಬ್ಬ ಸೋದರಮಾವ. ಉಪ್ಪಿಟ್ಟು ಕೊಟ್ಟು ಚಾಪೆಯ ಮೇಲೆ ಕೂತೆ. ಹೆಸರು ಕೇಳಿದರು, ಅಕ್ಕನಾಗಮ್ಮ ಎಂದೆ. ಅಷ್ಟೇ. ಅಲ್ಲಿಂದ ಮುಂದೆ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ. ಎಲ್ಲರೂ ಅಜ್ಜಪ್ಪನ ಕಡೆ ತಿರುಗಿಬಿಟ್ಟರು. ವಿಮಾನ ಎಷ್ಟು ಜೋರು ಹೋಗುತ್ತೆ? ಇನ್ನೂ ಜೋರು ಯಾಕೆ ಬಿಡಬಾರದು?

ಅಜ್ಜಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ: "ನೋಡ್ರಿ, ಬಸ್ಸಿನ ಕಿಟಕಿಯಿಂದ ಒಂದು ಸಲ ಕೈ ಚಾಚಿ ನೋಡಿದ್ದೆ ನಾನು..."

ನನ್ನ ಕೈ! ನನ್ನ ಬಸ್ಸು! ಬೈಸಿಕೊಂಡವಳು ನಾನು! ಸೋದರಮಾವ, "ಆಹಾ, ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾರ್ರೀ" ಎಂದು ಅಪ್ಪನ ತೊಡೆ ತಟ್ಟಿದರು. ಅಪ್ಪನ ಮುಖ ಬೆಳಗಿದ್ದು ನೋಡಬೇಕಿತ್ತು. ನನ್ನ ಫಸ್ಟ್ ಕ್ಲಾಸಿನ ದಿನ ಆ ಬೆಳಕು ಎಲ್ಲಿಗೆ ಹೋಗಿತ್ತೋ. ಹೊರಡುವಾಗ ಹುಡುಗನ ತಾಯಿ, "ಪೈಲಟ್ ಮನೆ ಹುಡುಗಿ ಸಿಗೋದು ನಮ್ಮ ಪುಣ್ಯ" ಎಂದರು.

ಅವರು ಹೋದ ಮೇಲೆ ಅಜ್ಜಪ್ಪ ಪುಸ್ತಕ ಹಿಡಿದು ಬಂದ. "ಅಕ್ಕ, ಕೊಸರು ಸಿಕ್ತಾ?"

ಮೊದಲನೆಯ ವಾಕ್ಯ ಓದಿದೆ.

"ನಾ ಹೇಳಲಿಲ್ವಾ! ಹತ್ತರಾಗೆ ಒಂದು ಪಾಲು!" ಎಂದು ಕುಣಿದ.

ಎರಡನೆಯ ವಾಕ್ಯದ ಮೇಲೆ ನನ್ನ ಬೆರಳಿತ್ತು. ಪುಸ್ತಕ ಮುಚ್ಚಿಕೊಟ್ಟೆ. ಪರೀಕ್ಷೆಯಲ್ಲಿ ತಪ್ಪು ಬರೆಯಲಿ, ಫೇಲಾಗಲಿ, ಬಂದು ಬೆಲ್ಲ ತೂಗಲಿ.

೧೧ ಡಿಸೆಂಬರ್

ಇವತ್ತು ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

೬ ಜನವರಿ ೧೯೬೨

ಹೊರಟ. ಅವ್ವ ಚಕ್ಕುಲಿ ಡಬ್ಬಿ ಕೊಟ್ಟಳು. ಕೊನೆಯ ಅಧ್ಯಾಯವನ್ನು ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಪುಸ್ತಕ ಕೊಟ್ಟೆ. ರೈಲಿನ ಬಾಗಿಲಲ್ಲಿ ನಿಂತು, "ಅಕ್ಕ, ಪಾಸಾದ್ರೆ ನಿನ್ನಿಂದಾನೇ" ಎಂದ. ಬೇರೆ ದಿನವಾಗಿದ್ದರೆ ಸಂತೋಷವಾಗುತ್ತಿತ್ತು. ಮನೆ ಬಿಕೋ ಎನ್ನುತ್ತಿದೆ, ಅವ್ವನಿಗೆ. ನನಗೇನೂ ಅನ್ನಿಸಿಲ್ಲ. ನೆಲನೆಲ್ಲಿಯ ಲೋಟ ಇನ್ನೂ ಕಿಟಕಿಯಲ್ಲೇ ಇತ್ತು, ನಾನೇ ತೊಳೆದಿಟ್ಟೆ.

೨೯ ಜನವರಿ

ತಂತಿ ಬಂತು. ಪಾಸು. ನೂರಕ್ಕೆ ಎಂಬತ್ತೆರಡು. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಅಂಗೈಗೂ ಒಂದು ಚಮಚ. ಆ ಎಂಬತ್ತೆರಡರಲ್ಲಿ ಎಂಬತ್ತು ನನ್ನವು.

೧೭ ಫೆಬ್ರವರಿ

ಅಜ್ಜಪ್ಪನ ಪತ್ರ, ನನ್ನ ಹೆಸರಿಗೇ. ಈಗ ಒಬ್ಬನೇ ಹಾರುತ್ತಾನಂತೆ. ಅದರಲ್ಲಿರುವುದನ್ನು ಹಾಗೇ ಬರೆದಿಡುತ್ತೇನೆ.

"ಅಕ್ಕ, ಬುಧವಾರ ಮೂತಿ ಕೆಳಗೆ ಮಾಡಿ ಇಳಿಸಿದೆ. ಮುಳ್ಳು ಹಳದಿ ದಾಟ್ತು, ಕೆಂಪು ಗೆರೆ ದಾಟ್ತು. ಏನೂ ಆಗಲಿಲ್ಲ! ನೀನು ಓದಿ ಹೇಳಿದ ಕೊಸರು ಸುಳ್ಳಲ್ಲ. ಶುಕ್ರವಾರ ಮತ್ತೆ ಮಾಡಿದೆ. ರೆಕ್ಕೆ ತುದಿಯಲ್ಲಿ ಕೀಲಿನ ಮೇಲೆ ಆಡೋ ಪಟ್ಟಿ ಜ್ವರ ಬಂದ ಹಾಗೆ ಸ್ವಲ್ಪ ನಡುಗಿತು, ಅಷ್ಟೇ. ಇಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ವಾರ ಇನ್ನೂ ಐದು ಹೆಚ್ಚಿಗೆ ನೋಡ್ತೀನಿ."

ಆ ನಡುಕ ಏನೆಂದು ನನಗೆ ಗೊತ್ತು. ಪುಸ್ತಕದಲ್ಲಿ ಎರಡು ಪುಟ ಇದೆ. ಶುರುವಾಗುವಾಗ ಸ್ವಲ್ಪ, ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಕಿತ್ತು, ರೆಕ್ಕೆ ಹೋಗಿ... ಫೇಲಾಗಲಿ ಅಂದುಕೊಂಡೆನೇ ಹೊರತು ಇದನ್ನಲ್ಲ, ಶಿವನೇ, ಇದನ್ನಲ್ಲ.

ಅವ್ವ ಬಂದು "ಏನಂತೆ?" ಎಂದಳು. "ಚೆನ್ನಾಗಿದ್ದಾನಂತೆ" ಎಂದೆ.

೧೯ ಫೆಬ್ರವರಿ

ಅವನಿಗೇ ಬರೆದರೆ ಕೇಳುವುದಿಲ್ಲ. ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ನಗುತ್ತಾನೆ. ಅವನ ಇನ್‌ಸ್ಟ್ರಕ್ಟರಿಗೆ ತಿಳಿಸಿದರೆ ಅವನನ್ನು ಶಾಲೆಯಿಂದ ಕಳಿಸುತ್ತಾರೆ. ನವೆಂಬರಿನಿಂದ ನಾನು ಬೇಕು ಬೇಕು ಎಂದು ಕಾದದ್ದು ಅದನ್ನೇ. ಈಗ ನಾನೇ ಹೋಗಿ ಅದನ್ನು ಮಾಡಿದರೆ, ಜೀವ ಉಳಿಸಲು ಮಾಡಿದೆ ಎಂದು ಯಾರು ನಂಬುತ್ತಾರೆ? ನಾನೇ ನಂಬುತ್ತೇನೆಯೇ?

ಬಸ್ಸಿನಲ್ಲಿ ಆಪಾಗೆ ಎಲ್ಲ ಹೇಳಿದೆ, ಮುಚ್ಚಿದ ಪುಸ್ತಕವನ್ನೂ ಸೇರಿಸಿ. ಅವರು ಬುರ್ಖಾದ ಮುಸುಕು ಸರಿಸಿ ನನ್ನನ್ನೇ ನೋಡಿದರು.

"ನಿನ್ನ ಹೊಟ್ಟೆಕಿಚ್ಚು ನಿನ್ನತ್ರಾನೇ ಇರ್ಲಿ, ಆಮೇಲೆ ಕೂತ್ಕೊಂಡು ಅಳು. ಆ ಹುಡುಗ ಯಾವಾಗ ಹಾರ್ತಾನೆ?"

"ಗೊತ್ತಿಲ್ಲ ಆಪಾ. ಈ ವಾರ ಅಂತ ಬರೆದಿದ್ದಾನೆ."

"ಮತ್ತೆ ಇಲ್ಲಿ ಕೂತು ಏನ್ ಸೋಚ್ನೆ ಮಾಡ್ತಿದೀಯ? ಇಳಿ, ನಡಿ ಪೋಸ್ಟಾಫೀಸಿಗೆ. ನಿನ್ನ ಫಸ್ಟ್ ಪೀರಿಯಡ್ ನಾನು ನೋಡ್ಕೋತೀನಿ."

ದಾವಣಗೆರೆಯಲ್ಲಿ ತಂತಿ ಕೊಟ್ಟಿದ್ದರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತಿತ್ತು. ಹರಿಹರವೇ ವಾಸಿ. ಇನ್‌ಸ್ಟ್ರಕ್ಟರಿಗೆ ಬರೆದೆ: ಅಜ್ಜಪ್ಪ ಕೆಂಪು ಗೆರೆಯನ್ನು ಎರಡು ಸಲ ದಾಟಿದ್ದಾನೆ, ರೆಕ್ಕೆಯ ಪಟ್ಟಿ ನಡುಗಿದೆ, ಆ ವಿಮಾನ ಹಾರಿಸಬೇಡಿ, ಕೀಲು ನೋಡಿ. ಕೆಳಗೆ ನನ್ನ ಹೆಸರು, ಸ್ಕೂಲಿನ ವಿಳಾಸ. ಗುಮಾಸ್ತ ಓದಿ, "ಯಾರ್ರೀ ಮೇಡಂ ಇವರು?" ಎಂದ. ತಮ್ಮ ಎಂದೆ.

೨೮ ಫೆಬ್ರವರಿ

ಬಂದ. ಟ್ರಂಕು ಹೊತ್ತು, ಎರಡು ಕಾಲಿನ ಮೇಲೆ ನಡೆದು ಬಂದ. ಅದನ್ನು ಕಂಡು ನನಗೆ ಕಣ್ಣೀರು ಬಂತು. ಅವನು ನನ್ನ ಮುಖ ನೋಡಲಿಲ್ಲ. ಮೂರು ತಿಂಗಳು ಹಾರಾಟ ಬಂದ್, ಆಮೇಲೆ ಸೇರಿಸುತ್ತಾರೋ ಇಲ್ಲವೋ ಹೇಳಿಲ್ಲವಂತೆ.

"ಒಡಹುಟ್ಟಿದೋಳಾಗಿ ತಂತಿ ಕೊಟ್ಟು ಬಿಡಿಸಿದೆಯಲ್ಲವ್ವ!" ಎಂದು ಅಪ್ಪ ಕೂಗಾಡಿದರು. "ಅವನ ಏಳಿಗೆ ನಿನ್ನ ಕಣ್ಣಿಗೆ ಚುಚ್ತಿತ್ತಾ?"

ಚುಚ್ಚುತ್ತಿತ್ತು.

೪ ಮಾರ್ಚ್

ರಾಣೆಬೆನ್ನೂರಿನವರು ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದ್ದಾರೆ. ಡಿಸೆಂಬರಿನಲ್ಲಿ ಕೂಡಿತ್ತು. ಅವರಿಗೆ ಬೇಕಾಗಿದ್ದಳು ಪೈಲಟ್‌ನ ಅಕ್ಕ, ಅಕ್ಕನಾಗಮ್ಮ ಅಲ್ಲ. ಪೀಡೆ ತೊಲಗಿತು. ಆದರೂ ಆ ಹೊತ್ತು ಊಟ ಸೇರಲಿಲ್ಲ.

೯ ಮಾರ್ಚ್

ಸ್ಕೂಲಿಗೆ ಇನ್‌ಸ್ಟ್ರಕ್ಟರ್ ಪತ್ರ ಬರೆದಿದ್ದಾರೆ. ನನ್ನ ತಂತಿ ಸಿಕ್ಕ ದಿನವೇ ಆ ವಿಮಾನದ ರೆಕ್ಕೆ ಬಿಚ್ಚಿಸಿ ನೋಡಿದರಂತೆ. ಪಟ್ಟಿಯ ಒಂದು ಕೀಲು ಕೂದಲೆಳೆಯಷ್ಟು ಸೀಳಿತ್ತು. ಮರುದಿನ ಬೆಳಿಗ್ಗೆ ಅದರಲ್ಲಿ ಬೇರೊಬ್ಬ ಹುಡುಗ ಹಾರಬೇಕಿತ್ತಂತೆ. ಮುಂದೆ ಹೀಗಿದೆ: "ನಿಮ್ಮ ತಮ್ಮ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದಾನೆ, ಆದರೆ ಅವನ ಬರಹವನ್ನು ನಾನಿನ್ನು ನಂಬಲಾರೆ. ಅವನಿಗೆ ಕಲಿಸಿದವರು ನೀವೆಂದು ಹೇಳಿದ. ಮತ್ತೊಮ್ಮೆ ಕಲಿಸಿ. ಈ ಮಿತಿ ಅವನಿಗೆ ನಿಜವಾಗಿ ಅರ್ಥವಾಗಿದೆ ಎಂದು ನೀವು ಒಂದು ಸಾಲು ಬರೆದು ಕಳಿಸಿದರೆ ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇನೆ. ಬರೆಯದಿದ್ದರೆ ಇಲ್ಲ."

ಪತ್ರವನ್ನು ಅಂಗಡಿಗೇ ಒಯ್ದು ಅಪ್ಪನಿಗೆ ಓದಿ ಹೇಳಿದೆ. ಕೀಲಿನ ಮಾತು ಬಂದಾಗ ಅವರು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. "ನಿನ್ನ ಕೈಯಾಗೈತೆ ಇನ್ನು" ಎಂದಷ್ಟೇ ಅಂದರು. ಅಜ್ಜಪ್ಪ ಒಳಗೆ ಚೀಲ ಹೊಲಿಯುತ್ತಿದ್ದ. ಅವನ ಮುಂದೆ ಹೋಗಿ ಕೂತು ಹೇಳಿಬಿಟ್ಟೆ.

"ಆವತ್ತು ನಿನಗೆ ಒಂದೇ ವಾಕ್ಯ ಓದಿದೆ. ಇನ್ನೊಂದು ಇತ್ತು. ಆ ಕೊಸರು ನಿನ್ನದಲ್ಲ ಅಂತ ಅದರಲ್ಲಿತ್ತು. ಬೇಕಂತಲೇ ಓದಲಿಲ್ಲ."

ಅವನು ದಬ್ಬಣ ಕೆಳಗಿಟ್ಟ. "ಅದನ್ನ ನಾನು ರೈಲಿನಾಗೆ ಓದಿದ್ದೆ ಅಕ್ಕ. ಪರೀಕ್ಷೆಯಾಗೂ ಬರೆದೆ. ಅದಕ್ಕೇ ಎಂಬತ್ತೆರಡು."

"ಮತ್ತೆ ಯಾಕೋ ದಾಟಿದೆ?"

"ಎಲ್ಲಾನೂ ನಿನಗೇ ಮೊದ್ಲು ಗೊತ್ತಿರ್ತೈತೆ. ಹುಟ್ಟಿದಾಗಿಂದ ಅದೇ ಕೇಳಿದೀನಿ, ಅಕ್ಕನ್ನ ಕೇಳು, ಅಕ್ಕನ್ನ ನೋಡಿ ಕಲಿ. ನಿನಗೆ ಪುಸ್ತಕದಾಗೆ ಮಾತ್ರ ಗೊತ್ತಿರೋದು ಒಂದಾದ್ರೂ ನಾನು ಮಾಡಿ ನೋಡ್ಬೇಕಿತ್ತು." ದಬ್ಬಣ ಮತ್ತೆ ಕೈಗೆತ್ತಿಕೊಂಡು, "ನಾನು ಸಾಯ್ಲಿ ಅಂತ ಇತ್ತಾ ನಿನಗೆ?" ಎಂದ.

"ಇಲ್ಲ. ಫೇಲಾಗ್ಲಿ ಅಂತಿತ್ತು."

"ಅಷ್ಟೇನಾ? ನನಗೂ ನೀನು ಬಿ.ಎಸ್ಸಿ.ಲಿ ಫೇಲಾಗ್ಲಿ ಅಂತಿತ್ತು. ಹರಕೆ ಸೈತ ಹೊತ್ತಿದ್ದೆ."

ನನಗೆ ನಗು ಬಂತು. ಅವನಿಗೂ ಬಂತು. ಅಪ್ಪ ಹೊರಗಿನಿಂದ "ಏನಾತ್ರೋ?" ಎಂದು ಕೂಗಿದರು.

೨೧ ಏಪ್ರಿಲ್

ರಜೆ. ದಿನಾ ಬೆಳಿಗ್ಗೆ ಪಾಠ. ಅವನು ಓದುತ್ತಾನೆ, ನಾನು ಕೇಳುತ್ತೇನೆ. ನಿನ್ನೆ ಜೆಟ್ ವಿಮಾನದ ಅಧ್ಯಾಯವನ್ನು ನನ್ನ ನೋಟ್‌ಬುಕ್ಕಿನಿಂದ ಓದಿದ. ಅದನ್ನು ಕೊಡಲು ಮನಸ್ಸಿರಲಿಲ್ಲ.

೨ ಜೂನ್

ನಾಲ್ಕು ದಿನದಿಂದ ಆ ಒಂದು ಸಾಲು ಬರೆಯಲಾಗದೆ ಕೂತಿದ್ದೆ. ಅಕ್ಕ ಬರಿ ಎಂದು ಅವನು ಒಂದು ಸಲವಾದರೂ ಬೇಡಿಕೊಳ್ಳಲಿ ಎಂದು ಕಾದೆ. ಬೇಡಲಿಲ್ಲ. ದಿನಾ ಪಾಠಕ್ಕೆ ಬಂದ, ಹೋದ, ಅಂಗಡಿಯಲ್ಲಿ ಕೂತ.

ಇವತ್ತು ಬೆಳಿಗ್ಗೆ ಓದುವುದನ್ನು ನಿಲ್ಲಿಸಿ ಕೇಳಿದ: "ಅಕ್ಕ, ವಿಮಾನ ಹೊಸದಿದ್ದಾಗ ಗೆರೆ ಹಾಕ್ತಾರೆ. ವರ್ಷ ವರ್ಷ ಕೀಲು ಸವೀತಾ ಹೋಗ್ತವೆ. ಹಂಗಾದ್ರೆ ಗೆರೆನೂ ವರ್ಷ ವರ್ಷ ಕೆಳಗೆ ಬರಬೇಕಲ್ಲ? ಯಾರು ಇಳಿಸ್ತಾರೆ ಅದನ್ನ?"

ಪುಸ್ತಕವೆಲ್ಲ ಹುಡುಕಿದೆ. ಉತ್ತರವಿಲ್ಲ. ನನ್ನ ನೋಟ್‌ಬುಕ್ಕಿನಲ್ಲೂ ಇಲ್ಲ. ಏಳು ತಿಂಗಳಿಂದ ಇದನ್ನೇ ಓದುತ್ತಿರುವ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ಮತ್ತೆ ಅದೇ ಹೊಟ್ಟೆಕಿಚ್ಚು.

"ಯಾರೂ ಇಳಿಸದಿದ್ರೆ ನಾನೇ ಕೆಳಗೆ ಇಟ್ಕೊಂಡು ಹಾರಿಸ್ತೀನಿ ಬಿಡು" ಎಂದು ಪುಸ್ತಕ ಮಡಚಿ ಅಂಗಡಿಗೆ ಹೋದ.

ಮಧ್ಯಾಹ್ನ ಕಾಗದ ತೆಗೆದು ಬರೆದೆ. ಅಜ್ಜಪ್ಪನಿಗೆ ಅರ್ಥವಾಗಿದೆ, ಸೇರಿಸಿಕೊಳ್ಳಿ. ಕೆಳಗೆ ಪೂರ್ತಿ ಹೆಸರು ಹಾಕಿದೆ. ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬಂದೆ. ಸುಳ್ಳಾಗಿದ್ದರೆ ಮೊದಲ ದಿನವೇ ಬರೆದುಬಿಡುತ್ತಿದ್ದೆನೇನೋ. ಅವನಿಗೆ ನಿಜವಾಗಿ, ನನಗಿಂತ ಚೆನ್ನಾಗಿ ಅರ್ಥವಾಗಿದೆ, ಅದಕ್ಕೇ ಅಷ್ಟು ಕಷ್ಟವಾಯಿತು.